ಈಕೋ ಕ್ಯಾಂಪರ್: ತಗಡಿಗೆ ಒಂದೂ ತೂತು ಕೊರೆಯದೆ

ಮಾರುತಿ ಈಕೋ ವ್ಯಾನನ್ನು ಕ್ಯಾಂಪರ್ (ಮಲಗುವ, ಅಡುಗೆ ಮಾಡಿಕೊಳ್ಳುವ ಅನುಕೂಲವಿರುವ ಪ್ರವಾಸದ ಗಾಡಿ) ಮಾಡಬೇಕು ಅಂದುಕೊಂಡವರು ಮೊದಲು ಕೈ ಹಾಕುವುದು ಹಿಂದಿನ ಸೀಟು ಬಿಚ್ಚುವುದಕ್ಕೆ. ದಯವಿಟ್ಟು ಬಿಚ್ಚಬೇಡಿ. ಎಷ್ಟು ಜನ ಕೂರುವ ಗಾಡಿ ಅನ್ನುವುದು ಆರ್‌ಸಿಯಲ್ಲೇ ಇರುತ್ತದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಆರ್‌ಸಿಗೂ ಗಾಡಿಗೂ ತಾಳೆಯಾಗದಿದ್ದರೆ ಅಪಘಾತವಾದ ದಿನ ವಿಮೆಯವರೂ ತಕರಾರು ತೆಗೆಯುತ್ತಾರೆ. ಮೋಟಾರ್ ಕ್ಯಾರವಾನ್ ಎಂದೇ ನೋಂದಣಿಯಾಗುವ ಗಾಡಿಗಳಿಗೆ ಎಐಎಸ್-124 ಎಂಬ ಬೇರೆ ಮಾನದಂಡವಿದೆ. ಮನೆ ಮುಂದೆ ಬಡಗಿಯನ್ನು ಕೂರಿಸಿಕೊಂಡು ಮುಗಿಸುವ ಕೆಲಸ ಅದಲ್ಲ.

ಹಾಗಾಗಿ ಸೀಟು ಇದ್ದಲ್ಲೇ ಇರಲಿ. ಹಾಸಿಗೆ, ಅಡುಗೆ ಪೆಟ್ಟಿಗೆ, ಬ್ಯಾಟರಿ ಎಲ್ಲವನ್ನೂ ಇಬ್ಬರು ಹಿಡಿದು ಇಳಿಸಬಹುದಾದ ಲಗೇಜಿನಂತೆ ಕಟ್ಟಿ. ಸೋಮವಾರ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವುದಕ್ಕೂ ಅದೇ ಗಾಡಿ ಬೇಕು. ತೂತು ಬೇಡ ಎನ್ನುವುದಕ್ಕೆ ಕಾನೂನಿಗಿಂತ ಹತ್ತಿರದ ಕಾರಣವೂ ಇದೆ. ನೆಲದ ತಗಡಿನ ಕೆಳಗೆ ಪೆಟ್ರೋಲ್ ಟ್ಯಾಂಕು, ಬ್ರೇಕಿನ ಪೈಪು ಹಾದಿರುತ್ತವೆ. ಒಂದೂವರೆ ಇಂಚಿನ ಸ್ಕ್ರೂ ಸಾಕು ಅನಾಹುತಕ್ಕೆ. ಏನೂ ತಗುಲದಿದ್ದರೂ ಕೊರೆದ ಅಂಚಿನಿಂದ ತುಕ್ಕು ಶುರುವಾಗುತ್ತದೆ. ಸಿಎನ್‌ಜಿ ಈಕೋ ಆದರೆ ಈ ಯೋಜನೆಯನ್ನೇ ಬಿಡಿ. ಸಿಲಿಂಡರ್ ಜಾಗ ತಿನ್ನುತ್ತದೆ, ಅದರ ವಾಲ್ವನ್ನು ಪೆಟ್ಟಿಗೆಯಿಂದ ಮುಚ್ಚುವುದು ಅಪಾಯ.

ಅಳತೆಗೆ ಬರೋಣ. ಈಕೋ ಹೊರಗಿನಿಂದ 3675 ಮಿ.ಮೀ. ಉದ್ದ, 1475 ಮಿ.ಮೀ. ಅಗಲ. ಒಳಗೆ ಆರಡಿ ಹಾಸಿಗೆ ಒಂದೇ ತುಂಡಾಗಿ ಕೂರುವುದಿಲ್ಲ, ಮೂರು ತುಂಡು ಮಾಡಬೇಕು. ಡಿಕ್ಕಿಯ ಜಾಗದಲ್ಲಿ ಅಡುಗೆ ಪೆಟ್ಟಿಗೆ, ಅದರ ಮುಚ್ಚಳವೇ ಹಾಸಿಗೆಯ ಒಂದು ಭಾಗ. ಮಡಚಿದ ಹಿಂದಿನ ಸೀಟಿನ ಮೇಲೆ ಕಾಲುಗಳಿರುವ ಎರಡನೇ ಹಲಗೆ. ಮುಂದಿನ ಸೀಟನ್ನು ಮುಂದಕ್ಕೆ ತಳ್ಳಿ, ಆ ಸಂದಿನ ಮೇಲೆ ಕೀಲಿನಿಂದ ತೆರೆಯುವ ಮೂರನೆಯದು. ಹಿಂದಿನ ಸೀಟು ಎಷ್ಟು ಮಡಚುತ್ತದೆ ಎನ್ನುವುದು ಮಾದರಿಯಿಂದ ಮಾದರಿಗೆ ಬೇರೆಯಾದ್ದರಿಂದ ಮಡಚಿ, ನೆಲದಿಂದ ಅದರ ಎತ್ತರ ಅಳೆದುಕೊಂಡೇ ಉಳಿದ ಲೆಕ್ಕ ಹಾಕಿ. ಹಾಸಿಗೆಯ ಮೇಲಿಂದ ಚಾವಣಿಗೆ ಕನಿಷ್ಠ 90 ಸೆಂ.ಮೀ. ಉಳಿಯಬೇಕು, ಇಲ್ಲದಿದ್ದರೆ ನೆಟ್ಟಗೆ ಕೂತು ಕಾಫಿ ಕುಡಿಯಲೂ ಆಗದು. ಜಾರುಬಾಗಿಲುಗಳಲ್ಲಿ ಒಂದರ ಒಳಹಿಡಿ ಮಲಗಿದಲ್ಲಿಂದಲೇ ಕೈಗೆ ಸಿಗುವಂತಿರಲಿ.

ಪ್ಲೈವುಡ್ ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಸಿಗುತ್ತದೆ. ಐಎಸ್ 710 ಗುರುತಿನ ಬಿಡಬ್ಲ್ಯುಪಿ (ಕುದಿನೀರಿಗೂ ತಾಳುವ) ಹಲಗೆ ಕೇಳಿ. 8×4 ಅಡಿಯ 12 ಮಿ.ಮೀ. ಹಲಗೆ ಸುಮಾರು 22 ಕೆ.ಜಿ. ತೂಗಿದರೆ 18 ಮಿ.ಮೀ.ಯದು 33 ದಾಟುತ್ತದೆ. ಬಡಗಿ 18 ಹಾಕೋಣ ಎಂದೇ ಹೇಳುತ್ತಾನೆ, ಮನೆಯ ವಾರ್ಡ್‌ರೋಬಿನ ಅಭ್ಯಾಸ ಅದು. ಒಪ್ಪಬೇಡಿ. ಮಲಗುವ ಮೇಲ್ಮೈಗೆ 12, ಪೆಟ್ಟಿಗೆಯ ಪಕ್ಕಗಳಿಗೆ 9 ಸಾಕು. ಆದರೆ 12 ಮಿ.ಮೀ. ಹಲಗೆಗೆ ಪ್ರತಿ 40 ಸೆಂ.ಮೀ.ಗೆ ಅಡ್ಡಪಟ್ಟಿ ಬೇಕೇ ಬೇಕು. ಮಲಗಿದಾಗ ಭಾರ ಹರಡುತ್ತದೆ. ಮೊಣಕಾಲೂರಿ ಹತ್ತುವಾಗ ಪೂರ್ತಿ ಭಾರ ಅಂಗೈಯಗಲದ ಜಾಗಕ್ಕೆ ಬಿದ್ದು ಹಲಗೆ ಬಾಗುವುದು ಆಗಲೇ. ಚೌಕಟ್ಟಿಗೆ 25×25×2 ಮಿ.ಮೀ. ಅಲ್ಯೂಮಿನಿಯಂ ಪೈಪು ಮೀಟರಿಗೆ ಅರ್ಧ ಕೆ.ಜಿ., ಅದೇ ಅಳತೆಯ ಕಬ್ಬಿಣದ್ದು ಅದರ ಸುಮಾರು ಮೂರು ಪಟ್ಟು. ಹಲಗೆ-ಪೈಪಿನ ನಡುವೆ ಫೋಮ್ ಟೇಪ್ ಅಂಟಿಸದಿದ್ದರೆ ದಾರಿಯುದ್ದಕ್ಕೂ ಕಿರ್ರ್ ಅನ್ನುತ್ತಿರುತ್ತದೆ. ನಟ್‌ಗಳೆಲ್ಲ ನೈಲಾಕ್ (ಒಳಗೆ ನೈಲಾನ್ ಬಳೆಯಿದ್ದು ಸಡಿಲಾಗದಂಥವು) ಆಗಿರಲಿ, ಸಾದಾ ನಟ್ಟು ನಮ್ಮ ಹಂಪುಗಳಿಗೆ ತಾಳುವುದಿಲ್ಲ. ಡ್ರಾಯರಿನ ಟೆಲಿಸ್ಕೋಪಿಕ್ ಚಾನೆಲ್‌ಗೆ ತಾನಾಗಿ ಲಾಕ್ ಇರುವುದಿಲ್ಲ. ಏರಿನಲ್ಲಿ ಪಾತ್ರೆಯ ಸಮೇತ ಜಾರಿ ಹಿಂಬಾಗಿಲಿಗೆ ಗುದ್ದುತ್ತದೆ, ಒಂದು ಟವರ್ ಬೋಲ್ಟ್ ಹಾಕಿ.

ಪೆಟ್ಟಿಗೆಗಳನ್ನು ರ‍್ಯಾಚೆಟ್ ಬೆಲ್ಟಿನಿಂದ ಹಿಂದಿನ ಸೀಟಿನ ಕಾಲಿನ ಚೌಕಟ್ಟಿಗೆ ಬಿಗಿಯಿರಿ. ಸೀಟ್‌ಬೆಲ್ಟಿನ ಬೋಲ್ಟುಗಳನ್ನು ಮುಟ್ಟಬೇಡಿ. ಜೋರಾಗಿ ಬ್ರೇಕ್ ಹಾಕಿದರೆ 40 ಕೆ.ಜಿ. ಪೆಟ್ಟಿಗೆ ಹೆಚ್ಚುಕಡಿಮೆ ಅಷ್ಟೇ ಭಾರದಿಂದ ಮುಂದಕ್ಕೆ ನುಗ್ಗುತ್ತದೆ. ಡಿಕ್ಕಿಯಾದರೆ ಅದು ಹಲವು ಪಟ್ಟು.

ಹಾಸಿಗೆಗೆ 3 ಇಂಚಿನ, 32 ಡೆನ್ಸಿಟಿ ಫೋಮನ್ನು ಮೂರು ಮಡಿಕೆಯಾಗಿ ಹೊಲಿಸಿ. ಹಲಗೆಯಲ್ಲಿ 25 ಮಿ.ಮೀ. ತೂತುಗಳನ್ನು ಗೇಣಿಗೊಂದರಂತೆ ಕೊರೆಯಿಸಿ; ಇಲ್ಲಿ ಮಾತ್ರ ತೂತು ಬೇಕು. ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಉಸಿರು, ಬೆವರು ಸೇರಿ ಸುಮಾರು ಅರ್ಧ ಲೀಟರ್ ನೀರು ಒಳಗಿನ ಗಾಳಿಗೆ ಸೇರುತ್ತದೆ. ಸಕಲೇಶಪುರದ ಮಳೆಗಾಲದಲ್ಲಿ ಕಿಟಕಿ ಪೂರ್ತಿ ಮುಚ್ಚಿ ಮಲಗಿದರೆ ಚಾವಣಿಯಿಂದ ಹನಿ ಬೀಳುತ್ತದೆ, ಫೋಮಿನ ಅಡಿಗೆ ಬೂಷ್ಟು ಹಿಡಿಯುತ್ತದೆ. ಎದುರುಬದುರಿನ ಎರಡು ಕಿಟಕಿ ಎರಡೆರಡು ಇಂಚು ತೆರೆದಿರಲಿ. ಸೊಳ್ಳೆಪರದೆಯ ಅಂಚಿಗೆ ಅಯಸ್ಕಾಂತ ಹೊಲಿಸಿದರೆ ಬಾಗಿಲಿನ ಉಕ್ಕಿಗೆ ತಾನೇ ಅಂಟಿಕೊಳ್ಳುತ್ತದೆ. ಗಾಜಿಗೆ ಕಪ್ಪು ಫಿಲ್ಮ್ ಬೇಡ, 2012ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದೆ. ಮಿಂಚುವ ಫೋಮ್ ಹಾಳೆಯನ್ನು ಗಾಜಿನ ಆಕಾರಕ್ಕೆ ಕತ್ತರಿಸಿಕೊಂಡು ರಾತ್ರಿ ಸಿಕ್ಕಿಸಿ, ಬೆಳಿಗ್ಗೆ ತೆಗೆಯಿರಿ.

ಈಕೋದ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿದೆ. ಶಿರಾಡಿ ಘಾಟಿ ಹತ್ತಿ ನಿಲ್ಲಿಸಿದ ಮೇಲೂ ಅಲ್ಲಿಂದ ಬಿಸಿ ಏಳುತ್ತಲೇ ಇರುತ್ತದೆ. ತಲೆ ಹಿಂಬಾಗಿಲ ಕಡೆಗೆ ಇಟ್ಟು ಮಲಗಿ, ಬ್ಯಾಟರಿಯನ್ನು ಮುಂದಿನ ಸೀಟಿನ ಸಮೀಪ ಇಡಲೇಬೇಡಿ. ಎಂಜಿನ್ ಚಾಲೂ ಇಟ್ಟು ಎಸಿಯಲ್ಲಿ ಮಲಗುವುದು, ಮುಚ್ಚಿದ ಗಾಡಿಯೊಳಗೆ ಒಲೆ ಹಚ್ಚುವುದು ಎರಡೂ ಪ್ರಾಣಕ್ಕೆ ಎರವು. ಎರಡರಿಂದಲೂ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆ ಇಲ್ಲ. ಹಿಂಬಾಗಿಲು ಮೇಲಕ್ಕೆತ್ತಿದರೆ ಅದೇ ಸೂರು, ಅದರಡಿ ನಿಂತು ಅಡುಗೆ ಮಾಡಿ.

ವಿದ್ಯುತ್ತಿಗೆ ಮನೆಯ ಯುಪಿಎಸ್ ಬ್ಯಾಟರಿ ಎತ್ತಿ ಹಾಕಬೇಡಿ. 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಸೀಸದ ಬ್ಯಾಟರಿ 50 ಕೆ.ಜಿ.ಗೂ ಮಿಕ್ಕುತ್ತದೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. 12.8 ವೋಲ್ಟ್, 100 ಎಎಚ್ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಸುಮಾರು 12 ಕೆ.ಜಿ.; ಅದರ 1280 ವ್ಯಾಟ್-ಅವರ್‌ನಲ್ಲಿ ಸಾವಿರ ಬಳಸಬಹುದು. 12 ವ್ಯಾಟ್ ಫ್ಯಾನು ಎಂಟು ಗಂಟೆ, ಎಲ್‌ಇಡಿ, ಎರಡು ಫೋನು, ಒಂದು ಲ್ಯಾಪ್‌ಟಾಪು ಸೇರಿ ದಿನಕ್ಕೆ 210ರಷ್ಟು. ನಾಲ್ಕು ದಿನಕ್ಕೂ ಮಿಕ್ಕಿ ಬರುತ್ತದೆ. ಕಂಪ್ರೆಸರ್ ಫ್ರಿಜ್ ಇಟ್ಟರೆ ಅದೊಂದೇ 430ರಷ್ಟು ಕುಡಿದು ಒಂದೂವರೆ ದಿನಕ್ಕೆ ಇಳಿಸುತ್ತದೆ.

ಗಾಡಿ ಓಡುವಾಗ ಅದರ ವಿದ್ಯುತ್ತಿನಿಂದ ಈ ಬ್ಯಾಟರಿಯನ್ನು ತುಂಬಲು 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಕಡ್ಡಾಯ. ನೇರ ಜೋಡಿಸಿದರೆ ಲಿಥಿಯಂ ಬ್ಯಾಟರಿ ಸಿಕ್ಕಷ್ಟೂ ಕರೆಂಟ್ ಎಳೆದು ಆಲ್ಟರ್ನೇಟರನ್ನು (ಎಂಜಿನ್ ತಿರುಗಿಸುವ ವಿದ್ಯುತ್ ಯಂತ್ರವನ್ನು) ಸುಡಬಹುದು. ಸಿಲ್ಕ್ ಬೋರ್ಡಿನ ಜಾಮಿನಲ್ಲಿ ಎಂಜಿನ್ ಐಡಲ್‌ನಲ್ಲಿದ್ದು ಎಸಿ, ಹೆಡ್‌ಲೈಟ್ ಎರಡೂ ಉರಿಯುವಾಗ ಆಲ್ಟರ್ನೇಟರ್ ಅಷ್ಟು ಕೊಡಲಾರದು, ಆದ್ದರಿಂದ ವೋಲ್ಟೇಜ್ ಇಳಿದಾಗ ತಾನೇ ನಿಲ್ಲುವ ಚಾರ್ಜರನ್ನೇ ಕೊಳ್ಳಿ. ಎಂಜಿನ್ ಆಫ್ ಆದಾಗ ಚಾರ್ಜರನ್ನೂ ನಿಲ್ಲಿಸುವ ಇಗ್ನಿಷನ್ ಸಂಕೇತದ ತಂತಿ ಜೋಡಿಸದಿದ್ದರೆ ಗಾಡಿಯ ಸ್ವಂತ ಬ್ಯಾಟರಿ ಬರಿದಾಗಿ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ತಂತಿ 10 ಚ.ಮಿ.ಮೀ. ತಾಮ್ರ: ಹೋಗಿಬರುವ 8 ಮೀಟರಿಗೆ 0.3 ವೋಲ್ಟ್ ಇಳಿತ. 6ರಲ್ಲಿ ಅದು 0.5. ಎರಡೂ ತುದಿಯಲ್ಲಿ ಬ್ಯಾಟರಿ ಇರುವುದರಿಂದ ಎರಡೂ ತುದಿಗೆ, ಪಾಸಿಟಿವಿನಿಂದ ಒಂದು ಗೇಣಿನೊಳಗೆ, 30 ಆಂಪಿಯರ್ ಫ್ಯೂಸ್. ಫ್ಯೂಸಿನ ಬದಲು ಮನೆಯ ಎಂಸಿಬಿ ಬೇಡ; ಅದು ಮನೆಯ ಎಸಿ ಕರೆಂಟಿಗೆ ಮಾಡಿದ್ದು, ಬ್ಯಾಟರಿಯ ಡಿಸಿ ಕಿಡಿಯನ್ನು ನಂದಿಸುವ ಭರವಸೆಯಿಲ್ಲ. ಇದೆಲ್ಲ ಎಸ್‌ಪಿ ರಸ್ತೆಯಲ್ಲಿ ಸಿಗುತ್ತದೆ. ತಂತಿಯ ತುದಿಗೆ ಹಾಕುವ ಲಗ್‌ಗಳನ್ನು ಅಲ್ಲೇ ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ. ಬೆಸುಗೆ ಬೇಡ, ಅಲುಗಾಟಕ್ಕೆ ಬೆಸುಗೆಯ ಅಂಚಿನಲ್ಲೇ ತಂತಿ ಮುರಿಯುತ್ತದೆ.

ಹಲಗೆ, ಚೌಕಟ್ಟು, ಫೋಮು, ಬ್ಯಾಟರಿ, 20 ಲೀಟರ್ ನೀರು, ಪಾತ್ರೆ ಸೇರಿ 100 ಕೆ.ಜಿ. ಆಸುಪಾಸಿನಲ್ಲಿ ನಿಲ್ಲಿಸಿ. ಎಲ್ಲ ತುಂಬಿ, ಇಬ್ಬರೂ ಕೂತು, ಒಮ್ಮೆ ವೇ-ಬ್ರಿಡ್ಜ್ ಮೇಲೆ ತೂಗಿಸಿ. ಗಾಡಿಗೆ ನಿಗದಿಯಾದ ಒಟ್ಟು ತೂಕದೊಳಗಿದ್ದರೆ ಬಾಗಿಲಿನ ಚೀಟಿಯಲ್ಲಿರುವ ತುಂಬು ಭಾರದ ಒತ್ತಡಕ್ಕೆ ಟೈರುಗಳಿಗೆ ಗಾಳಿ ಹಾಕಿಸಿ. ಮೊದಲ ನೂರು ಕಿ.ಮೀ. ಓಡಿದ ಮೇಲೆ ಬೆಲ್ಟು, ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ.