‘ಹಾಗಾದರೆ ಆ ನೂರು ತಲಾಂತು ಬೆಳ್ಳಿ?’

“ಕಾಕಾ, ಪೂರ್ಣ ಮನಸ್ಸಿನಿಂದ ದೇವರಿಗೆ ವಿಧೇಯರಾಗ್ರಿ ಅಂತ ಹೇಳ್ತೀರಿ. ಖರೇನೇ ಹಂಗ ಬದುಕ್ಲಾಕ ಆಗ್ತದೇನ್ರಿ?”

ನಾನು ಪಾಸ್ಟರ್ ಅಲ್ಲ. ವಾರವೆಲ್ಲ ದವಸ-ಧಾನ್ಯದ ಮಾರುಕಟ್ಟೆ ಗಂಜ್‌ನಲ್ಲಿ ಲೆಕ್ಕ ಬರೆಯುತ್ತೇನೆ, ಪಾಸ್ಟರ್ ಊರಲ್ಲಿ ಇಲ್ಲದ ಭಾನುವಾರ ಪ್ರಸಂಗ ಮಾಡುತ್ತೇನೆ. ಬೀದರಿನ ಮಂಗಲಪೇಟೆಯ ಹುಡುಗರು ಈ ಪ್ರಶ್ನೆಯನ್ನು ನನಗೇ ಕೇಳುವುದು ಅದಕ್ಕೇ ಇರಬೇಕು. ಪಾಸ್ಟರಿಗೆ ಕೇಳಿದರೆ ಏನು ಉತ್ತರ ಬರುತ್ತದೆ ಅಂತ ಅವರಿಗೆ ಮೊದಲೇ ಗೊತ್ತು.

ನನ್ನ ಉತ್ತರ ಇಷ್ಟು: ಆಗುತ್ತದೆ. ಆದರೆ ದುಡ್ಡು ಹೋಗುತ್ತದೆ.

ಬೈಬಲಿನ ಎರಡನೆಯ ಪೂರ್ವಕಾಲವೃತ್ತಾಂತದ 25ನೇ ಅಧ್ಯಾಯ ತೆಗೆಯಿರಿ. ನಮ್ಮ ಕಡೆ ಪ್ರಸಂಗಕ್ಕೆ ಅದನ್ನು ಎತ್ತಿಕೊಳ್ಳುವವರು ಕಡಿಮೆ. ಯೆಹೂದದ ಅರಸ ಅಮಚ್ಯ, 25 ವರ್ಷಕ್ಕೆ ಪಟ್ಟಕ್ಕೆ ಬಂದವನು. ಸರಿಯಾದದ್ದನ್ನೇ ಮಾಡಿದ, ಆದರೆ ಪೂರ್ಣ ಮನಸ್ಸಿನಿಂದ ಮಾಡಲಿಲ್ಲ ಅಂತ ಎರಡನೇ ವಚನದಲ್ಲೇ ಅವನ ಜಾತಕ ಬರೆದಿಟ್ಟಿದೆ. ಎದೋಮ್ಯರ ಮೇಲೆ ದಂಡೆತ್ತಿ ಹೋಗಲು ತನ್ನ 3 ಲಕ್ಷ ಜನ ಸಾಲದು ಅನ್ನಿಸಿ, ಪಕ್ಕದ ರಾಜ್ಯವಾದ ಇಸ್ರಾಯೇಲಿನಿಂದ 1 ಲಕ್ಷ ಸೈನಿಕರನ್ನು 100 ತಲಾಂತು ಬೆಳ್ಳಿ ಕೊಟ್ಟು ಕರೆಸಿಕೊಂಡ. ಒಂದು ತಲಾಂತು ಎಂದರೆ ಮೂವತ್ತು ಕಿಲೋದ ಮೇಲೆ. ಒಟ್ಟು 3 ಟನ್ನಿಗೂ ಹೆಚ್ಚು ಬೆಳ್ಳಿ ಆಯಿತು. ಬೆಳ್ಳಿ ಕೈಬಿಟ್ಟಿದೆ, ದಂಡು ಬಂದು ನಿಂತಿದೆ. ಆಗ ದೇವರ ಮನುಷ್ಯನೊಬ್ಬ ಬಂದು, ಇವರನ್ನು ಕರೆದುಕೊಂಡು ಹೋಗಬೇಡ ಅನ್ನುತ್ತಾನೆ. ಅಮಚ್ಯ ವಾದ ಮಾಡಲಿಲ್ಲ. ಒಂದೇ ಮಾತು ಕೇಳಿದ: ಹಾಗಾದರೆ ನಾನು ಕೊಟ್ಟ ಆ ನೂರು ತಲಾಂತಿನ ಗತಿ ಏನು?

ಲೆಕ್ಕ ಬರೆಯುವವನಿಗೆ ಇಡೀ ಬೈಬಲಿನಲ್ಲಿ ಇದಕ್ಕಿಂತ ಹತ್ತಿರದ ಪ್ರಶ್ನೆ ಇಲ್ಲ.

ದೇವರ ಮನುಷ್ಯ ಹೇಳಿದ್ದು, ಕರ್ತನು ನಿನಗೆ ಅದಕ್ಕಿಂತ ಹೆಚ್ಚು ಕೊಡಬಲ್ಲನು ಅಂತ. ಈ ವಚನ ಎತ್ತಿಕೊಂಡವರು ಸಾಮಾನ್ಯವಾಗಿ ಇಲ್ಲಿಗೆ ಬಂದು, ಒಂದು ಹಲ್ಲೆಲೂಯ ಹೇಳಿಸಿ, ಕೂತುಬಿಡುತ್ತಾರೆ. ಮುಂದೆ ಓದಬೇಕು. ಅಮಚ್ಯ ಮಾತು ಕೇಳಿ ಆ ಲಕ್ಷ ಜನರನ್ನು ವಾಪಸ್ ಕಳಿಸಿದ. ಅವರು ಸಿಟ್ಟಿಗೆದ್ದು ಯೆಹೂದದ ಊರುಗಳಿಗೇ ನುಗ್ಗಿ 3,000 ಜನರನ್ನು ಕೊಂದು, ಸುಲಿಗೆ ಮಾಡಿಕೊಂಡು ಹೋದರು. ಎದೋಮ್ಯರ ಮೇಲೆ ಗೆದ್ದದ್ದೇನೋ ಹೌದು. ಆದರೆ ಬೆಳ್ಳಿ ತಿರುಗಿ ಬಂತು ಅಂತ ಆ ಅಧ್ಯಾಯದಲ್ಲಿ ಎಲ್ಲೂ ಇಲ್ಲ. ವಿಧೇಯನಾದದ್ದಕ್ಕೆ ಮೊದಲ ಲೆಕ್ಕದ ಮೇಲೆ ಇನ್ನೊಂದು ನಷ್ಟ ಬಿತ್ತು. ಅಮಚ್ಯನ ಅರೆಮನಸ್ಸು ಬೇರೆ ಕಡೆ ಹೊರಬಿತ್ತು: ಗೆದ್ದ ಎದೋಮ್ಯರ ದೇವರುಗಳನ್ನೇ ಹೊತ್ತು ತಂದು ಅವುಗಳ ಮುಂದೆ ಅಡ್ಡಬಿದ್ದ. ಒಂದು ದೊಡ್ಡ ವಿಷಯದಲ್ಲಿ ಮಾತು ಕೇಳಿದವನು ಎಲ್ಲ ವಿಷಯದಲ್ಲೂ ಕೇಳುತ್ತಾನೆ ಅಂತೇನಿಲ್ಲ.

ಈಗ ನಮ್ಮ ಕಡೆಯ ಮಾತು. ಸೋಯಾ ಸುಗ್ಗಿಯಲ್ಲಿ ನಮ್ಮ ಸಭೆಯ ಹುಡುಗನೊಬ್ಬ ರೈತರ ಮಾಲು ತೂಗಿ ಮಾರಿಸುವ ಒಂದು ಅಡತಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಚೀಲ ಕಾಟಾದ ಮೇಲೆ ಇಟ್ಟಾಗ ಬಂದ ತೂಕ ಬರೆಯುವುದು ಅವನ ಕೆಲಸ. ಮಾಲೀಕರು ಮೊದಲ ದಿನವೇ ಹೇಳಿದರಂತೆ, “ಕಿಲೋ ಬರಿ, ಗ್ರಾಂ ಬಿಡು.” ಪರದೆಯ ಮೇಲೆ 61.4 ಬಂದರೆ ಪಟ್ಟಿಯಲ್ಲಿ 61. ನೋಡಲಿಕ್ಕೆ ಏನೂ ಅಲ್ಲ. ಚೀಲಕ್ಕೆ 400 ಗ್ರಾಂ ಎಂದರೆ 50 ಚೀಲಕ್ಕೆ 20 ಕಿಲೋ. 2024-25ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,892 ರೂಪಾಯಿ ಹಿಡಿದರೂ, ಒಬ್ಬ ರೈತನ ಒಂದು ಗಾಡಿಗೆ ಹತ್ತಿರ ಹತ್ತಿರ ಸಾವಿರ ರೂಪಾಯಿ. ರೈತ ಕಾಟಾದ ಪಕ್ಕದಲ್ಲೇ ನಿಂತಿರುತ್ತಾನೆ. ಅವನಿಗೂ ಗೊತ್ತು. ಸಾಲ ಅದೇ ಅಂಗಡಿಯಲ್ಲಿ ಇರುವುದರಿಂದ ಬಾಯಿ ಬಿಡುವುದಿಲ್ಲ.

ಹುಡುಗ ನನ್ನ ಹತ್ತಿರ ಬಂದು ಕೇಳಿದ್ದು ಜಾಣ ಪ್ರಶ್ನೆ. “ಕಾಕಾ, ಕೊಲೊಸ್ಸೆಯವರ ಪತ್ರಿಕೆಯೊಳಗ ಯಜಮಾನರ ಮಾತು ಕೇಳ್ರಿ ಅಂತ ಅದಲ್ಲ?” ಅದೆ. ಮೂರನೇ ಅಧ್ಯಾಯದಲ್ಲೇ ಇದೆ. ಆದರೆ ಅಲ್ಲೇ, ನಾಲ್ಕನೇ ಅಧ್ಯಾಯದ ಬಾಗಿಲಲ್ಲಿ, ಯಜಮಾನರಿಗೂ ಪರಲೋಕದಲ್ಲಿ ಒಬ್ಬ ಯಜಮಾನ ಇದ್ದಾನೆ ಅಂತಲೂ ಇದೆ. ಮಾಲೀಕರು ಬೆಳಿಗ್ಗೆ ಎಂಟಕ್ಕೆ ಬಾ ಅಂದರೆ ಎಂಟಕ್ಕೆ ಹೋಗಬೇಕು, ಕಸ ಹೊಡಿ ಅಂದರೆ ಹೊಡೆಯಬೇಕು. ರೈತನ ಗ್ರಾಂ ಅವರದಲ್ಲ, ಅದನ್ನು ಬಿಡು ಅನ್ನುವ ಅಧಿಕಾರವೂ ಅವರಿಗಿಲ್ಲ.

ಇನ್ನೊಂದು ನೋಡಿ. ನಿನ್ನ ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸು ಎಂಬ ಮಾತು ನಮಗೆ ಬಾಯಿಪಾಠ, ಧರ್ಮೋಪದೇಶಕಾಂಡದ 6ನೇ ಅಧ್ಯಾಯ. ಅದೇ ಪುಸ್ತಕದ 25ನೇ ಅಧ್ಯಾಯಕ್ಕೆ ಬಂದರೆ, ನಿನ್ನ ಚೀಲದಲ್ಲಿ ಹೆಚ್ಚು ಕಡಿಮೆಯಾದ ಎರಡು ಬಗೆಯ ತೂಕದ ಕಲ್ಲು ಇರಬಾರದು ಎಂದಿದೆ. ಮೊದಲನೆಯದನ್ನು ಗೋಡೆಗೆ ಹಾಕುತ್ತೇವೆ. ಎರಡನೆಯದನ್ನು ಗೋಡೆಗೆ ಹಾಕಿದ ಕ್ರೈಸ್ತ ಅಂಗಡಿಯನ್ನು ನಾನಂತೂ ನೋಡಿಲ್ಲ. (ಸುಳ್ಳು ತೂಗಬಾರದು ಅನ್ನಲಿಕ್ಕೆ ಬೈಬಲೇ ಬೇಕು ಅಂತಿಲ್ಲ. ನಾನು ಲೆಕ್ಕ ಬರೆಯುವ ಅಂಗಡಿಯ ಸಾಹುಕಾರರು ಬಸವಣ್ಣನವರ ಫೋಟೊಕ್ಕೆ ಕೈ ಮುಗಿದೇ ಕಾಟಾ ಶುರು ಮಾಡುತ್ತಾರೆ, ಗ್ರಾಂ ಬಿಡುವುದಿಲ್ಲ.)

ಹುಡುಗ ಮಾಲೀಕರಿಗೆ, ಗ್ರಾಂ ಸೇರಿಸಿಯೇ ಬರೀತೀನಿ ಅಂದ. ಅವರು ಜಗಳ ಆಡಲಿಲ್ಲ, ಮರುದಿನದಿಂದ ಬರಬೇಡ ಅಂದರು. ಈಗ ಟೈರ್ ಅಂಗಡಿಯಲ್ಲಿದ್ದಾನೆ. ಪಗಾರ ಕಡಿಮೆ. ಅವನ ಅವ್ವ ನನ್ನ ಮೇಲೆ ಸಿಟ್ಟಾಗಿದ್ದಾರೆ, ಸಿಟ್ಟಾಗಲಿಕ್ಕೆ ಕಾರಣವೂ ಇದೆ. ದೇವರು ಇಮ್ಮಡಿ ಕೊಡುತ್ತಾನೆ ಬಿಡ್ರಿ ಅಂತ ನಾನು ಅವರಿಗೆ ಹೇಳಲಿಲ್ಲ. ಹಾಗೆ ಹೇಳುವುದು ವಿಧೇಯತೆಯನ್ನು ಬಡ್ಡಿಗೆ ಬಿಟ್ಟ ಹಾಗೆ.

ಪೂರ್ಣ ಮನಸ್ಸಿನ ಈ ಪ್ರಶ್ನೆ ಹೆಚ್ಚಾಗಿ ಬರುವುದು ನವೆಂಬರ್ ಮುಗಿದ ಮೇಲೆ. ಬೀದರ್ ಕಡೆಯಿಂದ ನೂರಾರು ಜನ ವಿಕಾರಾಬಾದ್ ಹತ್ತಿರ ನಡೆಯುವ ಕ್ರೈಸ್ತರ ಧಾರೂರು ಜಾತ್ರೆಗೆ ಹೋಗುತ್ತಾರೆ. ಅಲ್ಲಿ ಅತ್ತು, ಮೊಣಕಾಲೂರಿ, ಎಲ್ಲ ಒಪ್ಪಿಸಿ ಬರುತ್ತಾರೆ. ಬಂದು ಒಂದು ತಿಂಗಳಿಗೆ ಆ ಬಿಸಿ ಆರಿತು, ನನ್ನ ಮನಸ್ಸು ಪೂರ್ಣ ಇಲ್ಲವೇನೋ ಅಂತ ಒದ್ದಾಡುತ್ತಾರೆ. ನಾನು ಮತ್ತಾಯ 21ರ ಇಬ್ಬರು ಮಕ್ಕಳನ್ನು ನೆನಪಿಸುತ್ತೇನೆ. ಒಬ್ಬ, ಹೋಗ್ತೀನಪ್ಪ ಅಂದ, ಹೋಗಲಿಲ್ಲ. ಇನ್ನೊಬ್ಬ, ಹೋಗಲ್ಲ ಅಂದ, ಆಮೇಲೆ ಮನಸ್ಸು ತಿರುಗಿ ದ್ರಾಕ್ಷಿತೋಟಕ್ಕೆ ಹೋದ. ತಂದೆಯ ಇಷ್ಟದಂತೆ ನಡೆದವನು ಯಾರು ಅಂತ ಯೇಸು ಕೇಳಿದ್ದು ತೋಟವನ್ನು ಲೆಕ್ಕ ಹಿಡಿದು. ಬೇಸರದಿಂದ ಹೋದರೂ ಹೋದದ್ದು ಹೋದದ್ದೇ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಈಚೆಗೆ ಇದು ಹೆಚ್ಚಾಗಿದೆ. ದೇವರಿಗೆ ವಿಧೇಯರಾಗುವುದು ಎಂದರೆ ಮೈಕ್ ಹಿಡಿದವರಿಗೆಲ್ಲ ವಿಧೇಯರಾಗುವುದಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ ಬಿಡು ಅನ್ನುವವರು ಇದ್ದಾರೆ. ಹೊಡೆಯುವ ಗಂಡನ ಮನೆಗೆ ತಿರುಗಿ ಹೋಗು, ವಿಧೇಯಳಾಗಿರು ಅನ್ನುವವರೂ ಇದ್ದಾರೆ. ಅವರು ಎಫೆಸದವರ ಪತ್ರಿಕೆಯ 5ನೇ ಅಧ್ಯಾಯವನ್ನು, ಹೆಂಡತಿಯರು ಗಂಡಂದಿರಿಗೆ ತಗ್ಗಿ ನಡೆಯಲಿ ಅನ್ನುವ 22ನೇ ವಚನದಿಂದ ಓದುತ್ತಾರೆ, ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಅನ್ನುವ 21ನ್ನು ಬಿಡುತ್ತಾರೆ. ಬೆರೋಯ ಎಂಬ ಊರಿನ ಜನ ಅಪೊಸ್ತಲ ಪೌಲನ ಮಾತನ್ನೇ ದಿನಾ ಶಾಸ್ತ್ರ ತೆಗೆದು ತಾಳೆ ನೋಡಿದರು. ಅದಕ್ಕೆ ಅವರಿಗೆ ಬೈಗುಳ ಸಿಗಲಿಲ್ಲ, ಹೊಗಳಿಕೆ ಸಿಕ್ಕಿತು. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಅಂತ ಪೇತ್ರ ಹೇಳಿದ್ದು ಯಾರ ಮುಂದೆ? ಧರ್ಮದ ಹಿರಿಯರ ಸಭೆಯ ಮುಂದೆ.

ಇನ್ನು, ಒಬ್ಬರಿಂದ ಇದು ಆಗುವ ಕೆಲಸವೇ? ಕಷ್ಟ. ಮೆಥೋಡಿಸ್ಟರಾದ ನಮ್ಮ ಹಿರೀಕರಿಗೆ ಇದು ಗೊತ್ತಿತ್ತು. ಮೆಥೋಡಿಸ್ಟ್ ಪಂಥಕ್ಕೆ ಬುನಾದಿ ಹಾಕಿದ ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಒಡಂಬಡಿಕೆ ಆರಾಧನೆ ಶುರು ಮಾಡಿದ. ನಾನಿನ್ನು ನನ್ನವನಲ್ಲ, ನಿನ್ನವನು ಅಂತ ಹೊಸ ವರ್ಷದ ಹೊತ್ತಿಗೆ ಇಂದಿಗೂ ಮೆಥೋಡಿಸ್ಟರು ಹೇಳುವ ಆ ಪ್ರಾರ್ಥನೆ ಎಲ್ಲರಿಗೂ ಇಷ್ಟ. ಆದರೆ ಅದಕ್ಕೂ ಮೊದಲು, 1742ರಲ್ಲಿ, ಬ್ರಿಸ್ಟಲ್‌ನಲ್ಲಿ ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿದ್ದರು. ಶುರುವಾದದ್ದು ಪ್ರಾರ್ಥನಾ ಮಂದಿರದ ಸಾಲ ತೀರಿಸಲು, ತಲೆಗೆ ವಾರಕ್ಕೊಂದು ಪೆನ್ನಿ ವಸೂಲಿಗೆ. ದುಡ್ಡು ಕೇಳಲು ಮನೆಮನೆಗೆ ಹೋದವನು ಹೇಗೆ ಬದುಕುತ್ತಿದ್ದೀಯಪ್ಪ ಅಂತಲೂ ಕೇಳಬೇಕಾಯಿತು. ಕೇಳುವುದೇ ಮುಖ್ಯ ಕೆಲಸವಾಯಿತು.

ನಮ್ಮ ಓಣಿಯ ಮನೆ ಪ್ರಾರ್ಥನೆಯಲ್ಲಿ ಹಾಡು ಆಗುತ್ತದೆ, ವಾಕ್ಯ ಆಗುತ್ತದೆ, ಅಷ್ಟರಲ್ಲಿ ಚಹಾ-ಚೂಡಾ ಬರುತ್ತದೆ, ಕೇಳುವುದು ಉಳಿದೇಬಿಡುತ್ತದೆ. ಆದ್ದರಿಂದ ನಾವು ಮೂರು ಜನ ಅರ್ಧ ಗಂಟೆ ಮೊದಲೇ ಸೇರುತ್ತೇವೆ. ಒಬ್ಬರು ಕಿರಾಣಿ ಅಂಗಡಿಯವರು, ಒಬ್ಬರು ಶಾಲಾ ಮಾಸ್ತರರು, ನಾನು. ಈ ವಾರ ಯಾರ ದುಡ್ಡು ನಿನ್ನ ಹತ್ತಿರ ಉಳಿಯಿತು, ಯಾರ ಜೊತೆ ಮಾತು ಬಿಟ್ಟಿದ್ದೀ ಎಂಬ ಎರಡೇ ಪ್ರಶ್ನೆ. ಮಾಸ್ತರರು ಹೊಲದ ವಿಷಯಕ್ಕೆ ತಮ್ಮನ ಜೊತೆ ಮಾತು ಬಿಟ್ಟವರು, ಎರಡನೆಯದು ಬಂದಾಗಲೆಲ್ಲ ಗಡಿಯಾರ ನೋಡುತ್ತಾರೆ. ನಾವು ಮುಂದಿನ ವಾರವೂ ಕೇಳುತ್ತೇವೆ.