ಹೋದ ಪ್ಯಾಕೆಟ್ ವಾಪಸ್ ಬರುವ ದಾರಿ

ಕೆಲವು ತಿಂಗಳ ಹಿಂದೆ ಒಂದು ಶುಕ್ರವಾರ ರಾತ್ರಿ 10.40ಕ್ಕೆ ಫೋನ್ ಬಂತು. ಟೀಮಿಗೆ ಹೊಸದಾಗಿ ಸೇರಿದ ಹುಡುಗ. "ಮೇಡಂ, ಡ್ಯಾಶ್‌ಬೋರ್ಡಲ್ಲಿ ಎಲ್ಲಾ ಹಸಿರಾಗೇ ಇದೆ. ಮೂರೂ ಸರ್ವರ್ ಹೆಲ್ದಿ ಅಂತಿದೆ. ಆದ್ರೆ ಸೈಟೇ ಓಪನ್ ಆಗ್ತಿಲ್ಲ." ಧ್ವನಿಯಲ್ಲಿ ಗಾಬರಿ ಇತ್ತು. ನೆಟ್‌ವರ್ಕ್‌ನಲ್ಲಿ ಬದಲಾವಣೆ ಮಾಡಿದ್ದು ಅವನೇ, ಆದರೆ ನಾನು ಬರೆದುಕೊಟ್ಟ ಹಂತಗಳನ್ನು ಒಂದಕ್ಷರ ಬಿಡದೆ ಪಾಲಿಸಿದ್ದ. "ನಿನ್ನ ತಪ್ಪೇನೂ ಇಲ್ಲ, ಲ್ಯಾಪ್‌ಟಾಪ್ ತೆಗೀತೀನಿ, ಲೈನಲ್ಲೇ ಇರು" ಅಂದೆ.

ಆ ರಾತ್ರಿ ನಡೆದದ್ದನ್ನು ಪೂರ್ತಿ ಬರೆದಿಡಬೇಕು ಅಂತ ಅವತ್ತಿನಿಂದ ಅಂದುಕೊಳ್ಳುತ್ತಿದ್ದೆ. ಕ್ಲೌಡ್ ನೆಟ್‌ವರ್ಕ್ ಕೆಲಸ ಮಾಡುವವರು ಒಂದಲ್ಲ ಒಂದು ದಿನ ಈ ಜಾಗಕ್ಕೆ ಬಂದೇ ಬರುತ್ತಾರೆ. ಅವರಲ್ಲಿ ಒಬ್ಬರಿಗಾದರೂ ಇದರಿಂದ ಒಂದು ರಾತ್ರಿಯ ನಿದ್ದೆ ಉಳಿದರೆ ನನಗೆ ಖುಷಿ.

ಮೊದಲು ಅಲ್ಲಿ ಏನಿತ್ತು ಅಂತ ಹೇಳುತ್ತೇನೆ. ಆನ್‌ಲೈನ್ ಆರ್ಡರ್ ತೆಗೆದುಕೊಳ್ಳುವ ಒಂದು ಸೈಟ್. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ಸೆಂಟ್ರಲ್ ಇಂಡಿಯಾ ರೀಜನ್‌ನಲ್ಲಿ, ಅಂದರೆ ಪುಣೆಯಲ್ಲಿ, ಮೂರು ವರ್ಚುವಲ್ ಮಷೀನ್. ಅವುಗಳ ಮುಂದೆ ಪಬ್ಲಿಕ್ ಐಪಿ (ಇಂಟರ್ನೆಟ್‌ನಿಂದ ತಲುಪುವ ವಿಳಾಸ) ಇರುವ ಒಂದು ಸ್ಟ್ಯಾಂಡರ್ಡ್ ಲೋಡ್ ಬ್ಯಾಲೆನ್ಸರ್, ಅಂದರೆ ಬಂದ ಟ್ರಾಫಿಕನ್ನು ಮೂರಕ್ಕೂ ಹಂಚುವ ವ್ಯವಸ್ಥೆ. ಎರಡು ವರ್ಷ ಯಾವ ತಕರಾರೂ ಇಲ್ಲದೆ ನಡೆದಿತ್ತು. ಆಮೇಲೆ ಸೆಕ್ಯುರಿಟಿ ಆಡಿಟ್‌ನವರು ಬಂದು, ಸರ್ವರ್‌ಗಳಿಂದ ಹೊರಗೆ ಹೋಗುವ ಎಲ್ಲಾ ಟ್ರಾಫಿಕ್ ಫೈರ್‌ವಾಲ್ ಮೂಲಕವೇ ಹೋಗಬೇಕು ಅಂದರು. ನ್ಯಾಯವಾದ ಮಾತೇ. ಫೈರ್‌ವಾಲ್ ತಂದು ಕೂರಿಸಿದೆವು. ಅದರ ಐಪಿ 10.20.1.4. (ಅಜೂರ್ ಪ್ರತಿ ಸಬ್‌ನೆಟ್‌ನಲ್ಲಿ, ಅಂದರೆ ನೆಟ್‌ವರ್ಕಿನ ಪ್ರತಿ ತುಂಡಿನಲ್ಲಿ, ಐದು ವಿಳಾಸಗಳನ್ನು ತನಗಾಗಿ ಇಟ್ಟುಕೊಳ್ಳುತ್ತದೆ, ಮೊದಲ ನಾಲ್ಕು (0ಯಿಂದ 3) ಮತ್ತು ಕೊನೆಯದು. ಅಷ್ಟೊಂದು ಕಡೆ ಫೈರ್‌ವಾಲ್‌ನ ಐಪಿ ನಾಲ್ಕರಲ್ಲೇ ಮುಗಿಯುವುದು ಅದಕ್ಕೇ.) ಸರ್ವರ್‌ಗಳಿರುವ ಸಬ್‌ನೆಟ್‌ಗೆ ಒಂದು ರೂಟ್ ಟೇಬಲ್, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಅನ್ನುವ ಪಟ್ಟಿ, ಹಚ್ಚಿದೆವು. ಅದರಲ್ಲಿ ಇದ್ದದ್ದು ಒಂದೇ ಸಾಲು: 0.0.0.0/0, ನೆಕ್ಸ್ಟ್ ಹಾಪ್ ವರ್ಚುವಲ್ ಅಪ್ಲಯನ್ಸ್, 10.20.1.4. ಬೇರೆ ಸಾಲಿಗೆ ಹೊಂದದ ಯಾವ ವಿಳಾಸಕ್ಕೆ ಹೊರಟರೂ ಮೊದಲು ಫೈರ್‌ವಾಲ್‌ಗೆ ಹೋಗು ಅಂತ ಅದರ ಅರ್ಥ.

ಸೈಟನ್ನು ಕೆಡವಿದ್ದು ಆ ಒಂದು ಸಾಲು.

ಆಫೀಸಿನ ನೆಟ್‌ವರ್ಕ್ ನೋಡಿಕೊಂಡು ಬೆಳೆದ ನಮ್ಮಂಥವರಿಗೆ ರೂಟರ್ ಅಂದರೆ ಕಣ್ಣಿಗೆ ಕಾಣುವ ಡಬ್ಬಿ. ಅದಕ್ಕೆ ಕೇಬಲ್ ಬರುತ್ತದೆ, ದೀಪ ಮಿನುಗುತ್ತದೆ, ಪಿಂಗ್ ಮಾಡಿದರೆ ಉತ್ತರ ಕೊಡುತ್ತದೆ. ಕ್ಲೌಡ್‌ನಲ್ಲಿ ಆ ಡಬ್ಬಿ ಇಲ್ಲ. ಸರ್ವರ್ ಒಳಗೆ ನೋಡಿದರೆ ಗೇಟ್‌ವೇ ವಿಳಾಸ ಒಂದರಲ್ಲಿ ಮುಗಿಯುತ್ತದೆ, ಆದರೆ ಅದನ್ನು ಪಿಂಗ್ ಮಾಡಿದರೆ ಯಾರೂ ಮಾತಾಡುವುದಿಲ್ಲ. ನಮ್ಮ ವರ್ಚುವಲ್ ಮಷೀನ್ ಯಾವ ದೊಡ್ಡ ಯಂತ್ರದ ಮೇಲೆ ಓಡುತ್ತಿದೆಯೋ, ಅದರೊಳಗಿನ ಸಾಫ್ಟ್‌ವೇರ್ ಸ್ವಿಚ್ಚೇ ಪ್ರತಿ ಪ್ಯಾಕೆಟ್ (ನೆಟ್‌ವರ್ಕಿನಲ್ಲಿ ಓಡಾಡುವ ಮಾಹಿತಿಯ ಸಣ್ಣ ತುಣುಕು) ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡುತ್ತದೆ. ಪ್ಯಾಕೆಟ್ ಮಷೀನಿನಿಂದ ಹೊರಗೆ ಕಾಲಿಡುವಾಗಲೇ ಅದರ ಹಣೆಬರಹ ನಿರ್ಧಾರವಾಗಿರುತ್ತದೆ.

ತೀರ್ಮಾನದ ನಿಯಮ ಸರಳ. ಹೊಂದುವ ಸಾಲುಗಳಲ್ಲಿ ಯಾವುದರ ಪ್ರಿಫಿಕ್ಸ್ ಉದ್ದವೋ, ಅಂದರೆ ಓರೆಗೆರೆಯ ಮುಂದಿನ ಸಂಖ್ಯೆ ದೊಡ್ಡದೋ, ಅದು ಗೆಲ್ಲುತ್ತದೆ. /24 ಎದುರಿಗೆ /16 ಸೋಲುತ್ತದೆ. ಎರಡೂ ಸಮ ಆದರೆ ನಾವು ಬರೆದ ಸಾಲಿಗೆ ಮೊದಲ ಮಣೆ, ಆಮೇಲೆ ಬಿಜಿಪಿಯಿಂದ (ರೂಟರ್‌ಗಳು ದಾರಿಗಳನ್ನು ಒಂದಕ್ಕೊಂದು ಹೇಳಿಕೊಳ್ಳುವ ಪ್ರೋಟೋಕಾಲ್) ಕಲಿತದ್ದು, ಕೊನೆಗೆ ಅಜೂರ್ ತಾನೇ ಹಾಕಿಕೊಟ್ಟ ಸಿಸ್ಟಮ್ ರೂಟ್. ಇಂಟರ್ನೆಟ್‌ಗೆ ಹೋಗುವ ಸಿಸ್ಟಮ್ ರೂಟ್ ಕೂಡ 0.0.0.0/0. ನಮ್ಮದೂ 0.0.0.0/0. ಹಾಗಾಗಿ ನಮ್ಮದು ಗೆದ್ದಿತು, ಹೊರಗಿನ ಟ್ರಾಫಿಕ್ ಎಲ್ಲಾ ಫೈರ್‌ವಾಲ್ ಕಡೆ ತಿರುಗಿತು. ಆಡಿಟ್‌ನವರಿಗೆ ಬೇಕಾಗಿದ್ದೂ ಅದೇ.

ಈಗ ಲೋಡ್ ಬ್ಯಾಲೆನ್ಸರ್‌ಗೆ ಬರೋಣ. ತುಂಬಾ ಜನ ಇದನ್ನು ರಿಸೆಪ್ಷನ್‌ನಲ್ಲಿ ಕೂತವರ ಹಾಗೆ ಅಂದುಕೊಳ್ಳುತ್ತಾರೆ: ಗ್ರಾಹಕರ ಮಾತು ತಾನು ಕೇಳಿಸಿಕೊಂಡು, ಒಳಗೆ ಹೋಗಿ ಹೇಳಿ, ಉತ್ತರ ತಂದುಕೊಡುತ್ತದೆ ಅಂತ. ಅಜೂರ್‌ನ ಲೋಡ್ ಬ್ಯಾಲೆನ್ಸರ್ ಹಾಗಿಲ್ಲ. ಅದು ನಾಲ್ಕನೇ ಲೇಯರ್‌ನಲ್ಲಿ, ಅಂದರೆ ಐಪಿ ಮತ್ತು ಪೋರ್ಟ್ ಮಟ್ಟದಲ್ಲಿ, ಕೆಲಸ ಮಾಡುತ್ತದೆ. ಕಳಿಸಿದವರ ಐಪಿ ಮತ್ತು ಪೋರ್ಟ್, ಸೇರಬೇಕಾದ ಐಪಿ ಮತ್ತು ಪೋರ್ಟ್, ಪ್ರೋಟೋಕಾಲ್, ಈ ಐದನ್ನು ಸೇರಿಸಿ ಒಂದು ಹ್ಯಾಶ್ (ಲೆಕ್ಕ ಹಾಕಿ ಬರುವ ಸಂಖ್ಯೆ) ತೆಗೆದು, ಮೂರರಲ್ಲಿ ಒಂದು ಸರ್ವರ್ ಕಡೆಗೆ ಪ್ಯಾಕೆಟನ್ನು ತಿರುಗಿಸುತ್ತದೆ. ಕನೆಕ್ಷನ್ ಅದರಲ್ಲಿ ಮುಗಿಯುವುದಿಲ್ಲ. ಸರ್ವರ್‌ಗೆ ತಲುಪಿದ ಪ್ಯಾಕೆಟ್‌ನಲ್ಲಿ ಕಳಿಸಿದವರ ವಿಳಾಸವಾಗಿ ಗ್ರಾಹಕರ ಪಬ್ಲಿಕ್ ಐಪಿಯೇ ಇರುತ್ತದೆ.

ಇದರ ಒಳಗಿನ ವಿನ್ಯಾಸದ ಬಗ್ಗೆ ಮೈಕ್ರೋಸಾಫ್ಟ್‌ನವರು 2013ರ ಸಿಗ್‌ಕಾಮ್ ಅನ್ನುವ ನೆಟ್‌ವರ್ಕಿಂಗ್ ಸಮ್ಮೇಳನದಲ್ಲಿ ಒಂದು ಪ್ರಬಂಧ ಮಂಡಿಸಿದ್ದರು. ಆ ವ್ಯವಸ್ಥೆಗೆ ಅವರು ಇಟ್ಟ ಹೆಸರು 'ಅನಂತ'. ಹೌದು, ನಮ್ಮ ಅನಂತವೇ. ಅದರ ಮುಖ್ಯ ಉಪಾಯ ನನಗೆ ತುಂಬಾ ಇಷ್ಟ. ಒಳಗೆ ಬರುವ ಪ್ಯಾಕೆಟ್‌ಗಳು ಮಾತ್ರ ಹಂಚುವ ಯಂತ್ರಗಳ ಮೂಲಕ ಬರುತ್ತವೆ. ಉತ್ತರದ ಪ್ಯಾಕೆಟ್‌ಗಳು ಆ ಯಂತ್ರಗಳನ್ನು ಮುಟ್ಟುವುದೇ ಇಲ್ಲ. ಸರ್ವರ್ ಓಡುವ ಯಂತ್ರದಲ್ಲೇ ವಿಳಾಸ ಬದಲಾಯಿಸಿಕೊಂಡು ನೇರವಾಗಿ ಹೊರಟುಬಿಡುತ್ತವೆ. ವೆಬ್‌ಸೈಟ್‌ಗಳಲ್ಲಿ ಕೇಳುವ ಮಾತು ಚಿಕ್ಕದು, ಬರುವ ಉತ್ತರ ದೊಡ್ಡದು, ಅಲ್ವಾ? ಆ ದೊಡ್ಡ ಹೊರೆ ಹಂಚುವವರ ತಲೆ ಮೇಲೆ ಬೀಳದ ಹಾಗೆ ನೋಡಿಕೊಂಡಿದ್ದಾರೆ.

ಆದರೆ ಹೀಗೆ ನೇರವಾಗಿ ಹೊರಡುವ ಉತ್ತರ ಕೂಡ ನಮ್ಮ ರೂಟ್ ಟೇಬಲ್ ಕೇಳಿಕೊಂಡೇ ಹೊರಡಬೇಕು. ಸರ್ವರ್ ಉತ್ತರ ಕಳಿಸುತ್ತಿರುವುದು ಗ್ರಾಹಕರ ಪಬ್ಲಿಕ್ ಐಪಿಗೆ. ಅಂದರೆ ಇಂಟರ್ನೆಟ್ ವಿಳಾಸಕ್ಕೆ. ಹೊಂದುವ ಸಾಲು 0.0.0.0/0. ನೆಕ್ಸ್ಟ್ ಹಾಪ್ ಫೈರ್‌ವಾಲ್. ಹೀಗಾಗಿ ಗ್ರಾಹಕರ ಸಿನ್ ಪ್ಯಾಕೆಟ್ (ಕನೆಕ್ಷನ್ ಶುರು ಮಾಡುವ ಮೊದಲ ಪ್ಯಾಕೆಟ್) ಲೋಡ್ ಬ್ಯಾಲೆನ್ಸರ್ ಮೂಲಕ ಸರ್ವರ್‌ಗೆ ಬಂತು, ಅದಕ್ಕೆ ಸರ್ವರ್ ಕೊಟ್ಟ ಉತ್ತರ ಸಿನ್-ಆಕ್ ಮಾತ್ರ ಫೈರ್‌ವಾಲ್ ಬಾಗಿಲಿಗೆ ಹೋಯಿತು. ಫೈರ್‌ವಾಲ್ ಆ ಕನೆಕ್ಷನ್‌ನ ಶುರುವನ್ನೇ ನೋಡಿಲ್ಲ. ಶುರುವಿಲ್ಲದ ಮಾತಿಗೆ ಉತ್ತರ ಮಾತ್ರ ಬಂದರೆ ಅದು ಬಿಸಾಕುತ್ತದೆ. ಬಿಸಾಕಲೇಬೇಕು, ಅದನ್ನು ಇಟ್ಟಿರುವುದೇ ಆ ಕೆಲಸಕ್ಕೆ.

ಹಾಗಾದರೆ ಡ್ಯಾಶ್‌ಬೋರ್ಡ್ ಹಸಿರಾಗಿ ಯಾಕಿತ್ತು? ನಮ್ಮ ಸಮಯ ಜಾಸ್ತಿ ತಿಂದಿದ್ದು ಇದೇ. ಲೋಡ್ ಬ್ಯಾಲೆನ್ಸರ್ ಸರ್ವರ್‌ಗಳ ಆರೋಗ್ಯ ವಿಚಾರಿಸುವ ಹೆಲ್ತ್ ಪ್ರೋಬ್ ಬರುವುದು 168.63.129.16 ಅನ್ನುವ ವಿಳಾಸದಿಂದ. ಅಜೂರ್‌ನ ಎಲ್ಲಾ ರೀಜನ್‌ಗಳಲ್ಲೂ ಅದೇ ವಿಳಾಸ. ಅದಕ್ಕೆ ನಾವು ಬರೆದ ರೂಟ್‌ಗಳು ಅನ್ವಯಿಸುವುದಿಲ್ಲ. ನಾವು 0.0.0.0/0 ಅನ್ನು ಎಲ್ಲಿಗೆ ತಿರುಗಿಸಿದರೂ ಪ್ರೋಬ್‌ನ ಉತ್ತರ ಸರಿಯಾಗಿ ವಾಪಸ್ ಹೋಗುತ್ತದೆ. "ಸರ್ವರ್ ಜೀವಂತ ಇದೆಯಾ?" ಅಂತ ಅದು ಕೇಳಿತು, "ಇದೆ" ಅಂತ ಉತ್ತರ ಸಿಕ್ಕಿತು, ಹಸಿರು ತೋರಿಸಿತು. ಗ್ರಾಹಕರಿಗೆ ಉತ್ತರ ತಲುಪುತ್ತಿದೆಯಾ ಅನ್ನುವುದು ಬೇರೆಯದೇ ಪ್ರಶ್ನೆ. ಅದನ್ನು ಕೇಳುವ ಯಾವ ವ್ಯವಸ್ಥೆಯನ್ನೂ ನಾವು ಇಟ್ಟಿರಲಿಲ್ಲ.

ನಾವು ಮೊದಲು ಅನುಮಾನ ಪಟ್ಟಿದ್ದು ನೆಟ್‌ವರ್ಕ್ ಸೆಕ್ಯುರಿಟಿ ಗ್ರೂಪ್ ಮೇಲೆ, ಅಂದರೆ ಯಾವ ಟ್ರಾಫಿಕ್ ಬಿಡಬೇಕು, ಯಾವುದು ಬಿಡಬಾರದು ಅನ್ನುವ ನಿಯಮಗಳ ಮೇಲೆ. ಸ್ಟ್ಯಾಂಡರ್ಡ್ ಲೋಡ್ ಬ್ಯಾಲೆನ್ಸರ್‌ನಲ್ಲಿ ನಾವಾಗಿ ಅನುಮತಿ ಕೊಡದಿದ್ದರೆ ಒಳಗೆ ಏನೂ ಬರುವುದಿಲ್ಲ, ಹಾಗಾಗಿ ಮನಸ್ಸು ಮೊದಲು ಆ ಕಡೆ ಓಡಿತು. ಅಜೂರ್‌ನ ಪರೀಕ್ಷಾ ಉಪಕರಣಗಳಿರುವ ನೆಟ್‌ವರ್ಕ್ ವಾಚರ್‌ನಲ್ಲಿ ಐಪಿ ಫ್ಲೋ ವೆರಿಫೈ ಓಡಿಸಿದೆವು. ಅನುಮತಿ ಇದೆ ಅಂತ ಬಂತು. ಅದು ನೋಡುವುದು ಸೆಕ್ಯುರಿಟಿ ನಿಯಮಗಳನ್ನು ಮಾತ್ರ. ದಾರಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಇದು ನನಗೆ ಗೊತ್ತಿತ್ತು, ಆದರೂ ಆ ಗಡಿಬಿಡಿಯಲ್ಲಿ ಮುಕ್ಕಾಲು ಗಂಟೆ ನಿಯಮಗಳನ್ನೇ ತಿರುವಿ ಹಾಕಿದೆವು.

ಕೊನೆಗೆ ಒಂದು ಸರ್ವರ್ ಒಳಗೆ ಹೋಗಿ ಬರುವ ಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ, ನನ್ನ ಮೊಬೈಲ್‌ನಲ್ಲಿ ವೈಫೈ ಆಫ್ ಮಾಡಿ ಸೈಟ್ ತೆರೆದೆ. ಸಿನ್ ಬಂತು. ಸಿನ್-ಆಕ್ ಹೋಯಿತು. ಒಂದು ಸೆಕೆಂಡ್ ಬಿಟ್ಟು ಅದೇ ಸಿನ್ ಮತ್ತೆ ಬಂತು, ಮತ್ತೆ ಸಿನ್-ಆಕ್ ಹೋಯಿತು. ಇದನ್ನು ನೋಡಿದ ತಕ್ಷಣ ಅರ್ಧ ಭಾರ ಇಳಿಯಿತು. ಬರುವ ದಾರಿ ಸರಿ ಇದೆ, ಸರ್ವರ್ ಸರಿ ಇದೆ, ಉತ್ತರ ಮಾತ್ರ ಎಲ್ಲೋ ಕಳೆದುಹೋಗುತ್ತಿದೆ. ನೆಟ್‌ವರ್ಕ್ ವಾಚರ್‌ನಲ್ಲೇ ನೆಕ್ಸ್ಟ್ ಹಾಪ್ ಅಂತ ಇನ್ನೊಂದು ಉಪಕರಣ ಇದೆ. ಈ ಕಡೆ ಸರ್ವರ್‌ನ ಐಪಿ, ಆ ಕಡೆ ನನ್ನ ಮೊಬೈಲ್‌ನ ಪಬ್ಲಿಕ್ ಐಪಿ ಕೊಟ್ಟೆ. ವರ್ಚುವಲ್ ಅಪ್ಲಯನ್ಸ್, 10.20.1.4 ಅಂತ ಬಂತು. ಲೈನಲ್ಲಿದ್ದ ಹುಡುಗ ನನಗಿಂತ ಮೊದಲೇ ಹೇಳಿದ: "ಮೇಡಂ, ಉತ್ತರ ಫೈರ್‌ವಾಲ್‌ಗೆ ಹೋಗ್ತಿದೆ!" ರೂಟ್ ಟೇಬಲ್ ಬಿಚ್ಚಿದೆವು. ರಾತ್ರಿ 12.20ಕ್ಕೆ ಸೈಟ್ ಬಂತು.

ಮುಂಚೆಯೇ ಪರೀಕ್ಷೆ ಮಾಡಿರಲಿಲ್ಲವೇ ಅಂತ ಕೇಳಬಹುದು. ಮಾಡಿದ್ದೆವು. ಸರ್ವರ್‌ನಿಂದ ಹೊರಗೆ ಒಂದು ವಿನಂತಿ ಕಳಿಸಿ ನೋಡಿದ್ದೆವು, ಅದು ಫೈರ್‌ವಾಲ್ ಲಾಗ್‌ನಲ್ಲಿ ಚೆನ್ನಾಗಿ ಕಂಡಿತು. ಆಫೀಸಿನಿಂದ ವಿಪಿಎನ್ ಮೂಲಕ ಸರ್ವರ್‌ಗಳ ಪ್ರೈವೇಟ್ ಐಪಿಗೆ ಹೋಗಿ ಪುಟ ತೆರೆದಿದ್ದೆವು, ತೆರೆಯಿತು. ತೆರೆಯಲೇಬೇಕಿತ್ತು. ಆಫೀಸಿನ 192.168.40.0/24 ವಿಪಿಎನ್ ಗೇಟ್‌ವೇಯಿಂದ ಕಲಿತ ರೂಟ್, 0.0.0.0/0ಗಿಂತ ಉದ್ದದ ಪ್ರಿಫಿಕ್ಸ್, ಆದ್ದರಿಂದ ಆ ಉತ್ತರ ಫೈರ್‌ವಾಲ್ ಕಡೆ ತಿರುಗಲೇ ಇಲ್ಲ. ಗ್ರಾಹಕರು ಬರುವ ದಾರಿಯಲ್ಲಿ ನಾವು ಒಬ್ಬರೂ ಬಂದು ನೋಡಿರಲಿಲ್ಲ.

ಸರಿ, ಪರಿಹಾರ. ಆಡಿಟ್‌ನವರ ಮಾತು ಹಾಗೇ ಉಳಿದಿದೆ, ಫೈರ್‌ವಾಲ್ ಬೇಕೇ ಬೇಕು.

ಒಂದು ದಾರಿ ಅಂದರೆ ಗ್ರಾಹಕರನ್ನೂ ಫೈರ್‌ವಾಲ್ ಮೂಲಕವೇ ಒಳಗೆ ತರುವುದು. ಪಬ್ಲಿಕ್ ಐಪಿ ಫೈರ್‌ವಾಲ್‌ಗೆ, ಅದರಲ್ಲಿ ಡಿನ್ಯಾಟ್ ನಿಯಮ (ಬಂದ ಪ್ಯಾಕೆಟ್ ಸೇರಬೇಕಾದ ವಿಳಾಸವನ್ನು ಬದಲಾಯಿಸುವುದು), ಒಳಗೆ ಪ್ರೈವೇಟ್ ಐಪಿಯ ಇಂಟರ್ನಲ್ ಲೋಡ್ ಬ್ಯಾಲೆನ್ಸರ್. ಅಜೂರ್ ಫೈರ್‌ವಾಲ್ ಹೀಗೆ ಒಳಗೆ ಕಳಿಸುವಾಗ ಕಳಿಸಿದವರ ವಿಳಾಸದ ಜಾಗದಲ್ಲಿ ತನ್ನ ಪ್ರೈವೇಟ್ ಐಪಿ ಹಾಕುತ್ತದೆ. ಉತ್ತರ ತಪ್ಪದೆ ಅದಕ್ಕೇ ವಾಪಸ್ ಬರುತ್ತದೆ. ಆದರೆ ಸರ್ವರ್‌ಗೆ ಗ್ರಾಹಕರ ನಿಜವಾದ ಐಪಿ ಸಿಗುವುದಿಲ್ಲ. ಈ ಸೈಟ್‌ನಲ್ಲಿ ಸುಳ್ಳು ಆರ್ಡರ್ ಹಿಡಿಯಲು ಆ ಐಪಿಯನ್ನೇ ನೋಡುತ್ತಿದ್ದರು. ಹಾಗಾಗಿ ಇದನ್ನು ಬಿಟ್ಟೆವು. ವೆಬ್ ಅಲ್ಲದ ಬೇರೆ ಟಿಸಿಪಿ ಸೇವೆ ಆಗಿದ್ದರೆ ಕಣ್ಣು ಮುಚ್ಚಿ ಇದನ್ನೇ ಆರಿಸುತ್ತಿದ್ದೆ.

ನಾವು ಆರಿಸಿದ್ದು ಅಪ್ಲಿಕೇಶನ್ ಗೇಟ್‌ವೇ. ಇದು ಏಳನೇ ಲೇಯರ್‌ನದು, ಅಂದರೆ ವೆಬ್ ವಿನಂತಿಯನ್ನೇ ಓದುವಂಥ ಪ್ರಾಕ್ಸಿ. ಮೇಲೆ ಹೇಳಿದ ರಿಸೆಪ್ಷನ್ ಲೆಕ್ಕ ಇಲ್ಲಿ ಸರಿಹೊಂದುತ್ತದೆ. ಗ್ರಾಹಕರ ಕನೆಕ್ಷನ್ ಇದರಲ್ಲೇ ಮುಗಿಯುತ್ತದೆ. ಸರ್ವರ್ ಜೊತೆ ಇದು ತನ್ನ ಸಬ್‌ನೆಟ್ 10.20.2.0/24ರಿಂದ ಬೇರೆಯದೇ ಕನೆಕ್ಷನ್ ಮಾಡುತ್ತದೆ. ಆಗ ಸರ್ವರ್ ಉತ್ತರ ಕಳಿಸುವುದು 10.20.2ರ ಒಂದು ವಿಳಾಸಕ್ಕೆ. ಅದು ವರ್ಚುವಲ್ ನೆಟ್‌ವರ್ಕಿನದೇ 10.20.0.0/16 ಸಾಲಿಗೆ ಹೊಂದುತ್ತದೆ, 0.0.0.0/0 ತನಕ ಮಾತು ಹೋಗುವುದೇ ಇಲ್ಲ. ಗ್ರಾಹಕರ ಐಪಿ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್‌ನಲ್ಲಿ ಸಿಗುತ್ತದೆ, ಅದನ್ನು ಓದುವ ಹಾಗೆ ಅಪ್ಲಿಕೇಶನ್‌ನಲ್ಲಿ ಸಣ್ಣ ಬದಲಾವಣೆ ಮಾಡಿಸಿದೆವು. ಖರ್ಚು ಲೋಡ್ ಬ್ಯಾಲೆನ್ಸರ್‌ಗಿಂತ ಜಾಸ್ತಿ, ಅದನ್ನು ಸೈಟ್‌ನ ಕಂಪನಿಗೆ ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಂಡೆವು. ಫೈರ್‌ವಾಲ್ ಕಡೆ ತಿರುಗಿಸುವ ಆ ರೂಟ್ ಟೇಬಲನ್ನು ಈ ಗೇಟ್‌ವೇಯ ಸಬ್‌ನೆಟ್‌ಗೆ ಯಾವ ಕಾರಣಕ್ಕೂ ಹಚ್ಚಬೇಡಿ. ಹಚ್ಚಿದರೆ ಅದೇ ರೋಗ ಒಂದು ಹೆಜ್ಜೆ ಮುಂದಕ್ಕೆ ಬಂದು ಕೂರುತ್ತದೆ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಲೋಡ್ ಬ್ಯಾಲೆನ್ಸರ್‌ನ ಐಡಲ್ ಟೈಮ್‌ಔಟ್ ಸುಮ್ನೆ ಬಿಟ್ಟರೆ 4 ನಿಮಿಷ. ನಾಲ್ಕು ನಿಮಿಷ ಎರಡೂ ಕಡೆ ಮೌನ ಇದ್ದರೆ ಕನೆಕ್ಷನ್ ಮರೆತುಬಿಡುತ್ತದೆ. ತಿಂಗಳ ರಿಪೋರ್ಟ್ ತೆಗೆಯುವಾಗ ಮಧ್ಯದಲ್ಲೇ ಕಡಿದುಹೋಗುತ್ತದೆ ಅಂತ ದೂರು ಬಂದರೆ ಮೊದಲು ಇಲ್ಲಿ ನೋಡಿ. 100 ನಿಮಿಷದ ತನಕ ಹೆಚ್ಚಿಸಬಹುದು, ಆದರೆ ಕೀಪ್‌ಅಲೈವ್ (ಮೌನ ಮುರಿಯಲು ಆಗಾಗ ಕಳಿಸುವ ಪುಟ್ಟ ಪ್ಯಾಕೆಟ್) ಹಾಕುವುದು ಒಳ್ಳೆಯದು.

ಈಗ ನಮ್ಮಲ್ಲಿ ರೂಟ್ ಟೇಬಲ್ ಮುಟ್ಟುವ ಯಾವ ಬದಲಾವಣೆಗೂ ಒಂದು ಹಾಳೆಯಲ್ಲಿ ಚಿತ್ರ ಬೇಕು. ಹೋಗುವ ದಾರಿ ನೀಲಿ, ವಾಪಸ್ ಬರುವ ದಾರಿ ಕೆಂಪು. ಪ್ರತಿ ಸಬ್‌ನೆಟ್ ಹತ್ತಿರ ನಿಂತು, ಇಲ್ಲಿಂದ ಹೊರಡುವ ಪ್ಯಾಕೆಟ್‌ಗೆ ಯಾವ ಸಾಲು ಹೊಂದುತ್ತದೆ ಅಂತ ಪಕ್ಕದಲ್ಲೇ ಬರೆಯಬೇಕು. ಬದಲಾವಣೆ ಮುಗಿದ ಮೇಲೆ ಮೊಬೈಲ್ ಡೇಟಾದಿಂದ ಸೈಟ್ ತೆರೆದು ನೋಡಬೇಕು. ಹೊರಗಿನಿಂದ ನಿಮಿಷಕ್ಕೊಮ್ಮೆ ಪುಟ ತೆರೆದು ನೋಡುವ ಮಾನಿಟರಿಂಗ್ ಕೂಡ ಹಾಕಿದ್ದೇವೆ.

ಹೋದ ವಾರ ಅದೇ ಹುಡುಗ ಒಂದು ಹಾಳೆ ಹಿಡಿದು ಬಂದ. ಅಪ್ಲಿಕೇಶನ್‌ನಿಂದ ಡೇಟಾಬೇಸ್‌ಗೆ ಹೋಗುವ ಟ್ರಾಫಿಕನ್ನೂ ಫೈರ್‌ವಾಲ್ ಮೂಲಕ ಕಳಿಸುವ ಬದಲಾವಣೆ. ಡೇಟಾಬೇಸ್ ಇರುವುದು ಪೀರಿಂಗ್ ಮಾಡಿದ, ಅಂದರೆ ನಮ್ಮದಕ್ಕೆ ನೇರವಾಗಿ ಜೋಡಿಸಿದ, ಇನ್ನೊಂದು ವರ್ಚುವಲ್ ನೆಟ್‌ವರ್ಕ್‌ನಲ್ಲಿ. ನೀಲಿ ಗೆರೆ ಫೈರ್‌ವಾಲ್ ಮೂಲಕ ಹೋಗಿತ್ತು, ಕೆಂಪು ಗೆರೆ ಮಾತ್ರ ಪೀರಿಂಗ್ ಮೇಲೆ ನೇರವಾಗಿ ವಾಪಸ್ ಬಂದಿತ್ತು. "ಮೇಡಂ, ಡೇಟಾಬೇಸ್ ಸಬ್‌ನೆಟ್‌ಗೂ ರೂಟ್ ಟೇಬಲ್ ಬೇಕು, ನಮ್ಮ ಪ್ಲಾನಲ್ಲಿ ಅದಿಲ್ಲ" ಅಂದ. ಅಲ್ಲೇ ಕೂತು ಆ ಸಾಲು ಸೇರಿಸಿದೆವು.