ಚರ್ಚೆ ಬೇಡದ ಪಟ್ಟಿ

ನಾನು ಹನ್ನೊಂದು ವರ್ಷ ನಮ್ಮ ಸಭೆಯ, ಅಂದರೆ ಚರ್ಚಿನ, ಕಾರ್ಯದರ್ಶಿಯಾಗಿದ್ದೆ. ಕಮಿಟಿ ಕೂತಾಗ ಮೂಲೆಯಲ್ಲಿ ಕೂತು ಮಿನಿಟ್ಸ್ ಬರೆಯುವುದು ನನ್ನ ಕೆಲಸ. ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಎಷ್ಟು ಕೈ ಎದ್ದವು. ಹುದ್ದೆ ಬಿಟ್ಟರೂ ಚಟ ಬಿಟ್ಟಿಲ್ಲ. ಈಗಲೂ ಬೇರೆ ಬೇರೆ ಪ್ರೊಟೆಸ್ಟೆಂಟ್ ಸಭೆಗಳ ನಡಾವಳಿ ಹುಡುಕಿ ಓದುತ್ತೇನೆ, ಜನ ಪತ್ತೇದಾರಿ ಕಾದಂಬರಿ ಓದುವ ಹಾಗೆ. ಸಲಿಂಗ ಮದುವೆಯ ಜಗಳವನ್ನೂ ನಾನು ಹೆಚ್ಚಾಗಿ ಮತಗಳ ಲೆಕ್ಕದಲ್ಲೇ ನೋಡಿಕೊಂಡು ಬಂದಿದ್ದೇನೆ.

ನನ್ನನ್ನು ಬಹಳ ಕಾಡಿದ ಲೆಕ್ಕ 2024ರ ಮೇ 1ರದ್ದು. ಅಮೆರಿಕದ ಶಾರ್ಲಟ್‌ನಲ್ಲಿ ಯುನೈಟೆಡ್ ಮೆಥಡಿಸ್ಟರೆಂಬ ಪ್ರೊಟೆಸ್ಟೆಂಟ್ ಪಂಗಡದ ಮಹಾಸಮ್ಮೇಳನ. ಸಲಿಂಗಿಗಳಿಗೆ ಪಾದ್ರಿ ದೀಕ್ಷೆ ಕೊಡಬಾರದು ಎಂಬ ನಿಯಮ ಅಲ್ಲಿ 1984ರಿಂದ ಇತ್ತು. ಅವತ್ತು ಅದನ್ನು ತೆಗೆದರು. ಪರ 692, ವಿರೋಧ 51. ಅದೂ ಹೇಗೆ? ಯಾರೂ ಎದ್ದು ಮಾತಾಡಲಿಲ್ಲ. ಚರ್ಚೆ ಬೇಡದ ವಿಷಯಗಳ ಪಟ್ಟಿ ಅಂತ ಒಂದಿರುತ್ತದೆ. ತಕರಾರು ಬರುವುದಿಲ್ಲ ಅನ್ನಿಸಿದ ವಿಷಯಗಳನ್ನೆಲ್ಲ ಒಟ್ಟಿಗೆ ಕಟ್ಟಿ, ಒಂದೇ ಏಟಿಗೆ ಪಾಸು ಮಾಡುವ ಕಟ್ಟು ಅದು. ನಲವತ್ತು ವರ್ಷದ ನಿಯಮ ಆ ಕಟ್ಟಿನಲ್ಲಿ ಹೋಯಿತು. ಸಲಿಂಗ ಮದುವೆ ನಡೆಸಬಾರದು ಎಂಬ ನಿಷೇಧವೂ ಅದೇ ವಾರ ಬಿತ್ತು.

ಆ ನಿಷೇಧದ ಬಿಸಿ ಎಂಥದ್ದು ಅಂತ ತಿಳಿಯಬೇಕಾದರೆ ಫ್ರ್ಯಾಂಕ್ ಶೇಫರ್ ಎಂಬ ಪಾದ್ರಿಯ ಕಥೆ ಸಾಕು. 2007ರಲ್ಲಿ ಅವರು ಒಂದು ಮದುವೆ ನಡೆಸಿಕೊಟ್ಟರು. ಮದುವೆ ಅವರ ಸ್ವಂತ ಮಗನದು, ಇನ್ನೊಬ್ಬ ಗಂಡಸಿನ ಜೊತೆ. 2013ರಲ್ಲಿ ಸಭೆಯೇ ವಿಚಾರಣೆ ನಡೆಸಿ ಅವರ ದೀಕ್ಷೆ ಕಿತ್ತುಕೊಂಡಿತು. ಮರುವರ್ಷ ವಾಪಸು ಕೊಟ್ಟಿತು ಅನ್ನಿ. ಅಷ್ಟು ದೊಡ್ಡ ಗಲಾಟೆ ಹನ್ನೊಂದು ವರ್ಷದಲ್ಲಿ ತಕರಾರಿಲ್ಲದ ವಿಷಯ ಆಗಿಬಿಟ್ಟಿತಾ?

ಇಲ್ಲ. ತಕರಾರು ಮಾಡುವವರು ಎದ್ದು ಹೋಗಿದ್ದರು, ಅಷ್ಟೇ. 2019ರಲ್ಲಿ ಇದೇ ಮೆಥಡಿಸ್ಟರು ಸೇಂಟ್ ಲೂಯಿಯಲ್ಲಿ ಸೇರಿ, ನಿಷೇಧವನ್ನು ಇನ್ನೂ ಬಿಗಿ ಮಾಡಿದ್ದರು. ಆಗ 438–384. ಐವತ್ತನಾಲ್ಕು ಮತದ ಅಂತರ. ಜೊತೆಗೇ ಹೊರಗೆ ಹೋಗಲು ಒಂದು ಬಾಗಿಲನ್ನೂ ತೆರೆದಿಟ್ಟರು. ಸ್ಥಳೀಯ ಸಭೆಯ ಮೂರನೇ ಎರಡು ಭಾಗ ಜನ ಒಪ್ಪಬೇಕು. ಎರಡು ವರ್ಷದ ಕಾಣಿಕೆ ಪಾಲು ಕಟ್ಟಬೇಕು, ಪಾದ್ರಿಗಳ ಪಿಂಚಣಿಯ ಬಾಕಿ ತೀರಿಸಬೇಕು. ಆಗ ಕಟ್ಟಡವನ್ನು ಜೊತೆಗೆ ಕೊಂಡೊಯ್ಯಬಹುದು. ಯಾಕೆಂದರೆ ಮೆಥಡಿಸ್ಟರಲ್ಲಿ ಕಟ್ಟಡ ಸ್ಥಳೀಯರ ಸ್ವಂತದ್ದಲ್ಲ, ಇಡೀ ಸಭೆಯ ಪರವಾಗಿ ಟ್ರಸ್ಟಿನಲ್ಲಿ ಇರುತ್ತದೆ. 2023ರ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ 7,600ಕ್ಕೂ ಜಾಸ್ತಿ ಸಭೆಗಳು ಆ ಬಾಗಿಲಿನಿಂದ ಹೊರಗೆ ಹೋದವು. ಸುಮಾರು ಕಾಲು ಭಾಗ. ಅವುಗಳಲ್ಲಿ ಹೆಚ್ಚಿನವು ನಿಷೇಧ ಬೇಕು ಅನ್ನುವವು. ಗೆದ್ದವರೇ ಹೊರಟುಹೋದರು, ನೋಡಿ! ಶಾರ್ಲಟ್ ಮುಗಿದ ತಿಂಗಳಲ್ಲೇ ಐವರಿ ಕೋಸ್ಟ್‌ನ ಮೆಥಡಿಸ್ಟರೂ ಹೋಗುತ್ತೇವೆ ಅಂದರು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಭಾವ. ಅಕ್ಕನ ಗಂಡ.

ನಮ್ಮ ಬುಧವಾರದ ಸತ್ಯವೇದ ಅಧ್ಯಯನದ ಗುಂಪಿನಲ್ಲಿ ಭಾವ ಒಬ್ಬರೇ ಗ್ರೀಕ್ ನಿಘಂಟು ಇಟ್ಟುಕೊಂಡು ಬರುತ್ತಿದ್ದವರು. ಸಲಿಂಗ ಮದುವೆ ಸಲ್ಲದು ಎಂಬುದು ಅವರ ನಿಲುವು. ಸಲ್ಲುತ್ತದೆ ಎಂಬುದು ನನ್ನದು. ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ ಆರನೇ ಅಧ್ಯಾಯದಲ್ಲಿ ಪೌಲ ಬಳಸಿದ 'ಅರ್ಸೆನೊಕೊಯ್ತೈ' ಎಂಬ ಪದದ ಅರ್ಥವೇ ಖಚಿತವಿಲ್ಲ ಅಂತ ನಾನು ಎಲ್ಲೋ ಓದಿಕೊಂಡು ಹೋಗಿ ಜೋರಾಗಿ ಹೇಳಿದೆ. ಭಾವ ಸುಮ್ನೆ ಯಾಜಕಕಾಂಡ 20:13ರ, ಗಂಡು ಗಂಡಿನ ಜೊತೆ ಮಲಗಬಾರದು ಎಂಬ ವಚನದ, ಗ್ರೀಕ್ ಅನುವಾದ ತೆಗೆದು ತೋರಿಸಿದರು. ಆ ಪದದ ಎರಡು ತುಂಡುಗಳೂ, 'ಗಂಡಸು' ಮತ್ತು 'ಹಾಸಿಗೆ', ಅಲ್ಲಿ ಅಕ್ಕಪಕ್ಕದಲ್ಲೇ ಕೂತಿದ್ದವು.

ನಾನು ಅಪೊಸ್ತಲರ ಕೃತ್ಯಗಳಿಗೆ ಹಾರಿದೆ. ಹದಿನೈದನೇ ಅಧ್ಯಾಯ. ಅನ್ಯಜನರಿಗೆ, ಅಂದರೆ ಯೆಹೂದ್ಯರಲ್ಲದವರಿಗೆ, ಸುನ್ನತಿ ಬೇಡ ಅಂತ ಯೆರೂಸಲೇಮಿನಲ್ಲಿ ಹಿರಿಯರೇ ತೀರ್ಮಾನ ಮಾಡಲಿಲ್ವಾ ಭಾವ, ಅಷ್ಟು ಹಳೆಯ ಆಜ್ಞೆಯನ್ನೇ ಬಿಡಲಿಲ್ವಾ ಅಂದೆ. "ಬಿಟ್ಟರಮ್ಮಾ. ಅದೇ ಪತ್ರದಲ್ಲಿ ಹಾದರ ಬಿಡಿ ಅಂತಲೂ ಬರೆದರು. ಮುಂದಕ್ಕೂ ಓದು," ಅಂದರು. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲಾಮೇಲೆ ಗುಂಪಿನಲ್ಲಿ ಬಹಳ ಜನ ನನ್ನ ಕಡೆಗೇ ವಾಲಿದರು. ಭಾವ ಒಂಟಿಯಾದರು. ಯಾರೂ ಅವರಿಗೆ ಬರಬೇಡಿ ಅನ್ನಲಿಲ್ಲ. ಮಂಡಿನೋವು ಅಂದರು, ಒಂದು ವಾರ ತಪ್ಪಿಸಿದರು, ಮತ್ತೊಂದು ವಾರ. ಆಮೇಲೆ ಬರಲೇ ಇಲ್ಲ. ಈಗ ನಮ್ಮ ಅಧ್ಯಯನ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಎಲ್ಲರೂ ತಲೆ ಆಡಿಸುತ್ತೇವೆ.

ಹೋಗದೆ ಉಳಿದುಕೊಂಡವರೂ ಇದ್ದಾರೆ. ಬ್ರಿಟನ್ನಿನ ಮೆಥಡಿಸ್ಟರು 2021ರಲ್ಲಿ 254–46 ಮತದಿಂದ ಸಲಿಂಗ ಮದುವೆ ಒಪ್ಪಿದರು. ಆದರೆ ಮದುವೆ ಎಂದರೆ ಗಂಡು–ಹೆಣ್ಣು ಎಂಬ ತಿಳಿವಳಿಕೆಯನ್ನೂ ಪಕ್ಕದಲ್ಲೇ ಉಳಿಸಿಕೊಂಡರು. ಮನಸ್ಸಾಕ್ಷಿ ಒಪ್ಪದ ಪಾದ್ರಿಗೆ ಒತ್ತಾಯವಿಲ್ಲ. ಅಮೆರಿಕದ ಇವ್ಯಾಂಜಲಿಕಲ್ ಲುಥರನ್ನರು 2009ರಲ್ಲೇ ಇಂಥ ಒಂದು ಹೇಳಿಕೆ ಒಪ್ಪಿದರು. ಅದಕ್ಕೆ ಮೂರನೇ ಎರಡು ಬಹುಮತ ಬೇಕಿತ್ತು. ಬಂದದ್ದು 676–338. ಕೂಡಿ ನೋಡಿ, ಸರಿಯಾಗಿ ಮೂರನೇ ಎರಡು! ಒಂದು ಮತ ಆಚೀಚೆ ಆಗಿದ್ದರೆ ಬಿದ್ದುಹೋಗುತ್ತಿತ್ತು. ಮಿನಿಟ್ಸ್ ಬರೆಯುವವರ ಕೈ ನಡುಗಿರಬೇಕು. ಅದೇ ದಿನ ಅವರು ಸೇರಿದ್ದ ಊರಿಗೆ ಸುಂಟರಗಾಳಿ ಬಡಿದು, ಪಕ್ಕದ ಲುಥರನ್ ಚರ್ಚಿನ ಗೋಪುರದ ಶಿಲುಬೆ ಮುರಿಯಿತು. ದೇವರ ಎಚ್ಚರಿಕೆ ಅಂತ ಒಬ್ಬ ಪಾದ್ರಿ ಬರೆದೂ ಬಿಟ್ಟರು. ಗಾಳಿಗೂ ಮತದಾನದ ಹಕ್ಕು!

ಇಂಗ್ಲೆಂಡಿನ ಆಂಗ್ಲಿಕನ್ನರ ದಾರಿ ಮಾತ್ರ ನನಗೆ ಹಿಡಿಸಿಲ್ಲ. 2023ರಿಂದ ಜೋಡಿಗಾಗಿ ಪ್ರಾರ್ಥನೆ ಉಂಟು, ಮದುವೆ ಇಲ್ಲ. ನಾನಾಗಿದ್ದರೆ ಪೆನ್ನು ಮುಚ್ಚಿಟ್ಟು ಎದ್ದು ಬರುತ್ತಿದ್ದೆ.

ಬ್ರಿಟನ್ ಮೆಥಡಿಸ್ಟರ ದಾರಿಯೂ ಮದುವೆಯಾಗಬೇಕಾದ ಜೋಡಿಗೆ ಸುಲಭವಲ್ಲ, ಗೊತ್ತು. ಈ ಪಾದ್ರಿ ಒಪ್ಪುತ್ತಾರಾ, ಈ ಕಟ್ಟಡದವರು ಒಪ್ಪುತ್ತಾರಾ ಅಂತ ಬಾಗಿಲು ಬಾಗಿಲಿಗೂ ಕೇಳಬೇಕು. ಅದು ನೋಯಿಸುತ್ತದೆ. ಆದರೂ ನನ್ನ ಕೈ ಎದ್ದರೆ ಆ ಕಡೆಗೇ. 692–51 ನೋಡಿದಾಗ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆ 51 ಜನ ಊಟಕ್ಕೆ ಯಾರ ಜೊತೆ ಕೂತರೋ ಅಂತಲೂ ಯೋಚನೆಯಾಯಿತು.

ಹೋದ ವಾರ ಭಾವನಿಗೆ ಫೋನ್ ಮಾಡಿದೆ. ಕೊನೆಗೂ ಉತ್ತರ ಸಿಕ್ಕಿತ್ತು. "ಭಾವ, ಯೆರೂಸಲೇಮಿನ ಅದೇ ಪತ್ರದಲ್ಲಿ ರಕ್ತ ತಿನ್ನಬೇಡಿ, ಕತ್ತು ಹಿಸುಕಿ ಕೊಂದದ್ದನ್ನು ತಿನ್ನಬೇಡಿ ಅಂತಲೂ ಇದೆ. ಅದನ್ನು ಸಭೆಗಳು ಬಿಟ್ಟೇ ಬಿಟ್ಟವಲ್ಲ?"

ಆ ಕಡೆ ಸ್ವಲ್ಪ ಹೊತ್ತು ಮೌನ. ಪುಟ ತಿರುಗಿಸುವ ಸದ್ದು ಕೇಳಿಸಿತು.

"ಬಿಟ್ಟಿದ್ದು ಯಾವಾಗ? ಯಾವ ಮಹಾಸಭೆಯಲ್ಲಿ? ಪರ ಎಷ್ಟು, ವಿರೋಧ ಎಷ್ಟು? ನೀನೇ ಕಾರ್ಯದರ್ಶಿಯಲ್ವಾ, ನಡಾವಳಿ ಹುಡುಕಿ ತಾ. ಆಮೇಲೆ ಮಾತಾಡೋಣ."

ಹುಡುಕುತ್ತಿದ್ದೇನೆ. ಬುಧವಾರದೊಳಗೆ ಸಿಕ್ಕಿದರೆ, ನಿಘಂಟು ತೆಗೆದುಕೊಂಡು ಬರುತ್ತಾರಂತೆ.